ವಸಡಿನ ರೋಗಾಣುವಿಗೂ ಆಲ್ಝೈಮರ್‌ಗೂ ಏನು ನಂಟು? ಈಗಲೇ ಮಾಡಬಹುದಾದ ಕೆಲಸಗಳು

ಹಲ್ಲುಜ್ಜಿ ಉಗಿದಾಗ ನೊರೆಯಲ್ಲಿ ಕೆಂಪು ಎಳೆ ಕಂಡರೆ ಬಹುತೇಕರು ನಲ್ಲಿ ತಿರುಗಿಸಿ, ತೊಳೆದು, ಮುಂದಿನ ಕೆಲಸಕ್ಕೆ ಹೊರಡುತ್ತಾರೆ. ಅಂಗೈಯಿಂದ ದಿನವೂ ಹೀಗೆ ರಕ್ತ ಒಸರಿದ್ದರೆ ಯಾರೂ ವಾರಗಟ್ಟಲೆ ಸುಮ್ಮನಿರುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ಕೆಂಪು ಎಳೆಯೊಂದಿಗೆ ಆಲ್ಝೈಮರ್ ಕಾಯಿಲೆಯ ಹೆಸರೂ ತಳುಕು ಹಾಕಿಕೊಂಡಿದೆ. ವಸಡಿನ ರೋಗಾಣು ಮಿದುಳಿಗೆ ಹೋಗಿ ನೆನಪನ್ನೇ ಅಳಿಸುತ್ತದೆ ಎಂಬ ಧಾಟಿಯ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಓದಿದವರಲ್ಲಿ ಕೆಲವರು ಬೆಚ್ಚುತ್ತಾರೆ, ಕೆಲವರು ಬಾಯಿ ಮುಕ್ಕಳಿಸುವ ದ್ರಾವಣದ ಬಾಟಲಿ ತಂದಿಡುತ್ತಾರೆ. ಮನೆಯಲ್ಲಿ ಮರೆವಿನ ಕಾಯಿಲೆಯವರು ಇದ್ದರಂತೂ, ಅವರ ಹಲ್ಲು ನೋಡಿಕೊಳ್ಳದೆ ನಾವೇ ಹೀಗೆ ಮಾಡಿಬಿಟ್ಟೆವೇ ಎಂದು ಒಳಗೊಳಗೇ ಕೊರಗುತ್ತಾರೆ.

ಈ ಮೂರೂ ಬೇಡ ಎನ್ನುವುದಕ್ಕಾಗಿಯೇ ಈ ಬರಹ. ವಸಡಿನ ಕಾಯಿಲೆಗೂ ಆಲ್ಝೈಮರ್‌ಗೂ ನಂಟಿದೆ ಎನ್ನುವುದಕ್ಕೆ ಗಂಭೀರವಾದ ಸುಳಿವುಗಳಿವೆ. ಅದೇ ಕಾರಣ ಎನ್ನುವುದು ಮಾತ್ರ ಸಾಬೀತಾಗಿಲ್ಲ. ಆದರೆ ವಸಡನ್ನು ನೋಡಿಕೊಳ್ಳಲು ಆ ಸಾಬೀತಿಗಾಗಿ ಕಾಯಬೇಕಾದ ಅಗತ್ಯವೇ ಇಲ್ಲ. ವಸಡಿನ ಕಾಯಿಲೆ ಹಲ್ಲನ್ನು ಬೀಳಿಸುತ್ತದೆ, ಮಧುಮೇಹವನ್ನು ಹದಗೆಡಿಸುತ್ತದೆ, ಮುಪ್ಪಿನಲ್ಲಿ ಊಟದ ಸುಖವನ್ನೇ ಕಿತ್ತುಕೊಳ್ಳುತ್ತದೆ. ಅಷ್ಟು ಕಾರಣ ಸಾಲದೇ?

ಮೊದಲು ಆ ರೋಗಾಣುವನ್ನು ತಿಳಿಯೋಣ

ಅದರ ಹೆಸರು ಪೊರ್ಫೈರೊಮೊನಾಸ್ ಜಿಂಜಿವಾಲಿಸ್. ಆಮ್ಲಜನಕ ಇದಕ್ಕೆ ಆಗದು. ಆದ್ದರಿಂದ ಗಾಳಿ ತಾಗದ ಜಾಗವನ್ನು ಹುಡುಕಿಕೊಂಡು, ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳದಲ್ಲಿ ನೆಲೆಸುತ್ತದೆ. ಬೆಳೆಯಲು ಇದಕ್ಕೆ ಕಬ್ಬಿಣದ ಅಂಶ ಬೇಕು, ಆ ಕಬ್ಬಿಣವನ್ನು ರಕ್ತದಿಂದ ಪಡೆಯುತ್ತದೆ. ವಸಡು ಊದಿ ರಕ್ತ ಒಸರಿದಷ್ಟೂ ಇದಕ್ಕೆ ಆಹಾರ ಸಿಗುತ್ತದೆ, ಇದು ಬೆಳೆದಷ್ಟೂ ವಸಡು ಊದುತ್ತದೆ. ಈ ವಿಷವರ್ತುಲವನ್ನು ಅರ್ಥಮಾಡಿಕೊಂಡರೆ, ರಕ್ತ ಬರುತ್ತದೆಂದು ಆ ಜಾಗವನ್ನು ಉಜ್ಜದೆ ಬಿಡುವುದು ಏಕೆ ತಪ್ಪು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇದರ ಕೈಯಲ್ಲಿರುವ ಆಯುಧ ಜಿಂಜಿಪೇನ್ ಎಂಬ ಕಿಣ್ವಗಳು. ಇವು ಪ್ರೋಟೀನುಗಳನ್ನು ಕತ್ತರಿಸುತ್ತವೆ. ವಸಡಿನ ಅಂಗಾಂಶವನ್ನು ಕತ್ತರಿಸುತ್ತವೆ, ದೇಹದ ರಕ್ಷಣೆಗೆ ಬರುವ ಪ್ರೋಟೀನುಗಳನ್ನೂ ಬಿಡುವುದಿಲ್ಲ. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಬಾಯಿಯ ಉಳಿದ ಬ್ಯಾಕ್ಟೀರಿಯಾಗಳ ಸಮತೋಲವನ್ನೇ ಕೆಡಿಸುವ ಶಕ್ತಿ ಇದಕ್ಕಿದೆ. ಹಾಗೆಂದು ಇದು ಇದ್ದವರೆಲ್ಲ ರೋಗಿಗಳೆಂದಲ್ಲ. ಆರೋಗ್ಯವಾಗಿರುವ ಕೆಲವರ ಬಾಯಿಯಲ್ಲೂ ಇದು ಅಲ್ಪಸ್ವಲ್ಪ ಇರುತ್ತದೆ.

ಮಿದುಳಿನ ಮಾತು ಬಂದದ್ದು ಹೇಗೆ

2013ರಲ್ಲಿ ಬ್ರಿಟನ್ನಿನ ಸಂಶೋಧಕರು ಆಲ್ಝೈಮರ್‌ನಿಂದ ತೀರಿಕೊಂಡ 10 ಜನರ ಮಿದುಳಿನ ಅಂಗಾಂಶವನ್ನು ಪರೀಕ್ಷಿಸಿದರು. ಈ ರೋಗಾಣುವಿನ ಹೊರಕವಚದ ಅಂಶ ಅವುಗಳಲ್ಲಿ ನಾಲ್ಕರಲ್ಲಿ ಸಿಕ್ಕಿತು. ಕಾಯಿಲೆ ಇಲ್ಲದ 10 ಜನರ ಮಿದುಳಿನಲ್ಲಿ ಒಂದರಲ್ಲೂ ಸಿಗಲಿಲ್ಲ. 2019ರ ಜನವರಿಯಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ದೊಡ್ಡ ಸದ್ದು ಮಾಡಿತು. ಪರೀಕ್ಷಿಸಿದ ಆಲ್ಝೈಮರ್ ಮಿದುಳುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವುಗಳಲ್ಲಿ ಜಿಂಜಿಪೇನ್ ಕಂಡುಬಂದಿತ್ತು. ಇಲಿಗಳ ಬಾಯಿಗೆ ಈ ರೋಗಾಣುವನ್ನು ಸೇರಿಸಿದಾಗ ಅದರ ಕುರುಹು ಅವುಗಳ ಮಿದುಳಿನಲ್ಲಿ ಸಿಕ್ಕಿತು. ಆಲ್ಝೈಮರ್‌ನಲ್ಲಿ ಗಡ್ಡೆಕಟ್ಟುವ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನೂ ಅಲ್ಲಿ ಹೆಚ್ಚಿತ್ತು.

ಸುದ್ದಿಗಳಲ್ಲಿ ಇಷ್ಟು ಬಂತು. ಅಷ್ಟಾಗಿ ಬಾರದೇ ಹೋದ ಸಂಗತಿಯೆಂದರೆ, ಅದೇ ಅಧ್ಯಯನದಲ್ಲಿ ಮರೆವಿನ ಕಾಯಿಲೆ ಇಲ್ಲದವರ ಮಿದುಳಿನಲ್ಲೂ ಜಿಂಜಿಪೇನ್ ಸಿಕ್ಕಿತ್ತು, ಪ್ರಮಾಣ ಮಾತ್ರ ಕಡಿಮೆಯಿತ್ತು. ಇದನ್ನು ಎರಡು ರೀತಿಯಲ್ಲಿ ಓದಬಹುದು. ಲಕ್ಷಣ ಕಾಣಿಸುವ ಮೊದಲೇ ರೋಗಾಣು ಬಂದು ಕುಳಿತಿರುತ್ತದೆ ಎನ್ನಬಹುದು. ಅದು ಇದ್ದಮಾತ್ರಕ್ಕೆ ಕಾಯಿಲೆ ಬರುವುದಿಲ್ಲ ಎಂದೂ ಹೇಳಬಹುದು.

ವಸಡು ಊದಿಕೊಂಡಿರುವಾಗ ಜಗಿದರೂ ಉಜ್ಜಿದರೂ ಬಾಯಿಯ ಬ್ಯಾಕ್ಟೀರಿಯಾ ಸ್ವಲ್ಪ ಹೊತ್ತು ರಕ್ತಕ್ಕೆ ಸೇರುತ್ತದೆ, ಇದು ಚೆನ್ನಾಗಿ ಗೊತ್ತಿರುವ ವಿಷಯ. ಅದರೊಂದಿಗೆ ವಸಡಿನ ಉರಿಯೂತದಿಂದ ಹೊರಟ ರಾಸಾಯನಿಕಗಳೂ ಮೈಯೆಲ್ಲ ಸುತ್ತುತ್ತವೆ. ಮಿದುಳಿನ ರಕ್ಷಣಾ ಕೋಶಗಳನ್ನು ಇವು ಕೆರಳಿಸಬಹುದು ಎಂಬುದು ಒಂದು ವಾದ. ಬೀಟಾ ಅಮಿಲಾಯ್ಡ್‌ಗೆ ಸೂಕ್ಷ್ಮಾಣುಗಳನ್ನು ಕೊಲ್ಲುವ ಗುಣವಿದೆಯೆಂದು 2010ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂದಿತ್ತು. ಹಾಗಾಗಿ ಮಿದುಳು ಸೋಂಕಿನ ವಿರುದ್ಧ ಹೋರಾಡುವ ಭರದಲ್ಲೇ ಈ ಪ್ರೋಟೀನನ್ನು ಹೆಚ್ಚೆಚ್ಚು ಉತ್ಪಾದಿಸುತ್ತಿರಬಹುದೇ ಎಂದು ಕೆಲವು ವಿಜ್ಞಾನಿಗಳು ಕೇಳುತ್ತಾರೆ.

ತೈವಾನಿನಲ್ಲಿ ಸಾವಿರಾರು ಜನರ ಆರೋಗ್ಯ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, 10 ವರ್ಷಕ್ಕೂ ಮಿಕ್ಕಿ ವಸಡಿನ ಕಾಯಿಲೆ ಇದ್ದವರಲ್ಲಿ ಆಲ್ಝೈಮರ್ ಅಪಾಯ ಸುಮಾರು 1.7 ಪಟ್ಟು ಎಂದು ಲೆಕ್ಕಹಾಕಿತು. ಇಂತಹ ಅಧ್ಯಯನಗಳನ್ನು ಓದುವಾಗ ಒಂದು ಎಚ್ಚರ ಬೇಕು. ಆಲ್ಝೈಮರ್‌ನ ಬದಲಾವಣೆಗಳು ಮಿದುಳಿನಲ್ಲಿ ಆರಂಭವಾಗುವುದು ಲಕ್ಷಣ ಕಾಣಿಸುವುದಕ್ಕಿಂತ 15–20 ವರ್ಷ ಮೊದಲು. ನೆನಪು, ಗಮನ, ಉತ್ಸಾಹ ಕುಗ್ಗುತ್ತ ಬಂದವರು ಹಲ್ಲುಜ್ಜುವುದನ್ನೂ ಅರೆಬರೆ ಮಾಡುತ್ತಾರೆ. ಆಗ ವಸಡಿನ ಕಾಯಿಲೆ ಮರೆವಿನ ಫಲವಾಗಿರಬಹುದು, ಬೀಜವಲ್ಲ. ಬಹುಶಃ ಎರಡೂ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪ ನಡೆಯುತ್ತದೆ ಎಂಬುದು ನನ್ನ ಅನಿಸಿಕೆ.

ಕಾರಣ ಹೌದೋ ಅಲ್ಲವೋ ಎಂದು ತಿಳಿಯಲು ದೊಡ್ಡ ಪ್ರಯತ್ನವೊಂದು ನಡೆದದ್ದೂ ಉಂಟು. ಜಿಂಜಿಪೇನನ್ನು ತಡೆಯುವ ಅಟುಜಾಜಿನ್‌ಸ್ಟಾಟ್ ಎಂಬ ಮಾತ್ರೆಯನ್ನು ಸೌಮ್ಯ ಮತ್ತು ಮಧ್ಯಮ ಹಂತದ ಆಲ್ಝೈಮರ್ ಇದ್ದ 643 ಜನರಲ್ಲಿ 48 ವಾರ ಪರೀಕ್ಷಿಸಲಾಯಿತು. 2021ರ ಅಕ್ಟೋಬರಿನಲ್ಲಿ ಬಂದ ಫಲಿತಾಂಶ ನಿರಾಸೆ ತಂದಿತು. ಮುಖ್ಯ ಗುರಿಗಳೆರಡರಲ್ಲೂ ಮಾತ್ರೆ ಸೋತಿತ್ತು. ಜೊಲ್ಲಿನಲ್ಲಿ ರೋಗಾಣು ಪತ್ತೆಯಾದವರ ಗುಂಪಿನಲ್ಲಿ ಮಾತ್ರ ಕುಸಿತ ನಿಧಾನವಾದಂತೆ ಕಂಡಿತು. ಆದರೆ ಮುಖ್ಯ ಗುರಿ ತಪ್ಪಿದ ಪರೀಕ್ಷೆಯ ಉಪಗುಂಪಿನಿಂದ ಖಚಿತವಾಗಿ ಏನನ್ನೂ ಹೇಳಲಾಗದು. ಯಕೃತ್ತಿನ ಮೇಲೆ ದುಷ್ಪರಿಣಾಮವೂ ಕಂಡುಬಂದಿತ್ತು. ಹೀಗಾಗಿ, ಈ ರೋಗಾಣುವನ್ನು ಕೊಂದು ಆಲ್ಝೈಮರ್ ತಡೆಯುವ ಔಷಧ ಇಂದು ಯಾವುದೂ ಇಲ್ಲ. ಇದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಇನ್ನು ಕೆಲಸದ ಮಾತು.

ಹೆಜ್ಜೆ 1: ಕನ್ನಡಿಯ ಮುಂದೆ ನಿಂತು ನಿಮ್ಮ ವಸಡನ್ನು ನೋಡಿ

ಒಳ್ಳೆಯ ಬೆಳಕಿನಲ್ಲಿ ನಿಂತು, ಕೈತೊಳೆದ ಬೆರಳಿನಿಂದ ತುಟಿಯನ್ನು ಎತ್ತಿ ಹಿಡಿಯಿರಿ. ಆರೋಗ್ಯವಂತ ವಸಡು ಗಟ್ಟಿಯಾಗಿದ್ದು ಹಲ್ಲಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಎರಡು ಹಲ್ಲುಗಳ ನಡುವೆ ಚೂಪಾಗಿ ಇಳಿದಿರುತ್ತದೆ. ಬಣ್ಣ ಎಲ್ಲರಲ್ಲೂ ತಿಳಿಗುಲಾಬಿಯೇ ಆಗಿರಬೇಕೆಂದಿಲ್ಲ. ಕಂದು, ಕಪ್ಪು ಛಾಯೆ ಹುಟ್ಟಿನಿಂದಲೇ ಬಂದಿದ್ದರೆ ಅದು ರೋಗವಲ್ಲ. ನೋಡಬೇಕಾದದ್ದು ಬದಲಾವಣೆಯನ್ನು. ಅಂಚು ದುಂಡಗೆ ಊದಿ ಹೊಳೆಯುತ್ತಿದೆಯೇ, ವಸಡು ಕೆಳಗೆ ಸರಿದು ಹಲ್ಲು ಉದ್ದವಾದಂತೆ ಕಾಣುತ್ತಿದೆಯೇ, ಮೊದಲಿಲ್ಲದ ಸಂದಿ ಬಿದ್ದಿದೆಯೇ, ಎಷ್ಟು ಉಜ್ಜಿದರೂ ಬಾಯಿ ವಾಸನೆ ಹೋಗುತ್ತಿಲ್ಲವೇ, ಒತ್ತಿದಾಗ ಕೀವು ಬರುತ್ತಿದೆಯೇ, ಹಲ್ಲು ಅಲ್ಲಾಡುತ್ತಿದೆಯೇ?

ನೋವಿಗಾಗಿ ಕಾಯಬೇಡಿ. ವಸಡಿನ ಕಾಯಿಲೆ ಹೆಚ್ಚಿನ ಸಲ ನೋವಿಲ್ಲದೆಯೇ ಮೂಳೆಯವರೆಗೆ ಇಳಿಯುತ್ತದೆ, ಅದರ ಕೆಟ್ಟ ಗುಣವೇ ಅದು. ಧೂಮಪಾನ ಮಾಡುವವರಿಗೆ ಇನ್ನೊಂದು ಮಾತು: ತಂಬಾಕು ವಸಡಿನ ರಕ್ತಸಂಚಾರವನ್ನು ಕುಗ್ಗಿಸುವುದರಿಂದ ಒಳಗೆ ಕಾಯಿಲೆ ಇದ್ದರೂ ರಕ್ತ ಕಾಣಿಸದೇ ಇರಬಹುದು. ನಿಮ್ಮ ಮಟ್ಟಿಗೆ ರಕ್ತ ಬಾರದಿರುವುದು ನೆಮ್ಮದಿಯ ಲಕ್ಷಣವಲ್ಲ.

ಹೆಜ್ಜೆ 2: ದಂತವೈದ್ಯರ ಬಳಿ ವಸಡಿನ ಆಳ ಅಳೆಸಿ

ಹಲ್ಲು ನೋವು ಬಂದಾಗ ಮಾತ್ರ ದಂತವೈದ್ಯರ ಬಳಿ ಹೋಗುವವರು ಹುಳುಕು ತೋರಿಸಿ, ತುಂಬಿಸಿಕೊಂಡು ಬಂದುಬಿಡುತ್ತಾರೆ. ವಸಡಿನ ತಪಾಸಣೆ ಬೇರೆಯೇ. ಮಿಲಿಮೀಟರ್ ಗುರುತುಗಳಿರುವ ತೆಳ್ಳನೆಯ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿನ ಸುತ್ತ ಆರು ಕಡೆ ಆಳ ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಇದ್ದರೆ ಸಾಮಾನ್ಯ. 4 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಅಲ್ಲಿ ಗಮನ ಬೇಕು. 6 ದಾಟಿದರೆ ಬ್ರಷ್ ಅಲ್ಲಿಗೆ ತಲುಪುವ ಮಾತೇ ಇಲ್ಲ. ‘ನನ್ನ ವಸಡಿನ ಆಳ ಎಷ್ಟಿದೆ, ಎಷ್ಟು ಕಡೆ ರಕ್ತ ಬಂತು, ಎಕ್ಸ್‌ರೇಯಲ್ಲಿ ಮೂಳೆ ಸವೆದಿದೆಯೇ’ ಎಂದು ಬಾಯಿಬಿಟ್ಟು ಕೇಳಿ, ಅಂಕಿಗಳನ್ನು ಬರೆಸಿಕೊಳ್ಳಿ. ಮುಂದಿನ ಸಲ ಹೋದಾಗ ಹೋಲಿಸಿ ನೋಡಲು ಅದೊಂದೇ ಆಧಾರ.

ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪಾಚಿಯನ್ನು ದಿನವೂ ತೆಗೆಯದಿದ್ದರೆ ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗಿ ಕಲ್ಲುಕಟ್ಟುತ್ತದೆ. ಕಲ್ಲುಕಟ್ಟಿದ್ದನ್ನು ಬ್ರಷ್ ತೆಗೆಯಲಾರದು, ದಂತವೈದ್ಯರಿಂದ ಉಪಕರಣದಲ್ಲಿ ಕೆರೆದು ತೆಗೆಸುವ ಸ್ಕೇಲಿಂಗ್ ಮಾಡಿಸಲೇಬೇಕು. ಹಾಗೆ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ವಾಸ್ತವದಲ್ಲಿ ಹಲ್ಲಿನ ನಡುವಿನ ಮೂಳೆ ಮೊದಲೇ ಸವೆದಿರುತ್ತದೆ. ಸಂದಿಯನ್ನು ತುಂಬಿದ್ದ ಕಲ್ಲು ಹೋಗಿ, ವಸಡಿನ ಊತವೂ ಇಳಿದಾಗ ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ನಾಲಿಗೆಗೂ ತಿಳಿಯುತ್ತದೆ. ಕೆಲವು ದಿನ ತಣ್ಣನೆಯ ನೀರಿಗೆ ಜುಂ ಎನ್ನುವುದೂ ಸಹಜ. ಆಳದ ಸಂದಿಗಳಿದ್ದರೆ ಬೇರಿನವರೆಗೂ ಶುಚಿ ಮಾಡುತ್ತಾರೆ, ಸುಮಾರು ಮೂರು ತಿಂಗಳ ಬಳಿಕ ಮತ್ತೆ ಅಳೆಯುತ್ತಾರೆ. ಆ ಮರುಭೇಟಿಯನ್ನು ಖಂಡಿತ ತಪ್ಪಿಸಬೇಡಿ. ಚಿಕಿತ್ಸೆ ಫಲಿಸಿತೋ ಇಲ್ಲವೋ ಗೊತ್ತಾಗುವುದು ಆಗಲೇ.

ರಕ್ತ ತೆಳುಮಾಡುವ ಮಾತ್ರೆ, ಮೂಳೆಸವೆತಕ್ಕೆ ಕೊಡುವ ಔಷಧ, ಕೃತಕ ಹೃದಯ ಕವಾಟ, ಮಧುಮೇಹ, ಇವುಗಳಲ್ಲಿ ಏನಿದ್ದರೂ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಿ ಹೋಗಬೇಡಿ.

ಹೆಜ್ಜೆ 3: ವಸಡಿನ ಅಂಚನ್ನು ಗುರಿಯಿಟ್ಟು ಉಜ್ಜಿ

ನಾವು ಹಲ್ಲುಜ್ಜುತ್ತೇವೆ, ಆದರೆ ಕಾಯಿಲೆ ಶುರುವಾಗುವುದು ಹಲ್ಲಿಗೂ ವಸಡಿಗೂ ಕೂಡುವ ಗೆರೆಯಲ್ಲಿ. ಚಿಕ್ಕ ತಲೆಯ, ಮೆದು ಎಳೆಗಳ ಬ್ರಷ್ ತೆಗೆದುಕೊಳ್ಳಿ. ಮುಷ್ಟಿಯಲ್ಲಿ ಹಿಡಿಯುವ ಬದಲು ಪೆನ್ಸಿಲಿನಂತೆ ಬೆರಳುಗಳಲ್ಲಿ ಹಿಡಿದರೆ ಒತ್ತಡ ತಾನಾಗಿಯೇ ಕಡಿಮೆಯಾಗುತ್ತದೆ. ಎಳೆಗಳು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ತಾಗಲಿ, ಅರ್ಧ ಎಳೆಗಳು ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ. ಬ್ರಷ್ಷನ್ನು ಅಲ್ಲಿಯೇ ಇಟ್ಟು, ಎರಡು ಮೂರು ಹಲ್ಲುಗಳಷ್ಟು ಜಾಗದಲ್ಲಿ ಪುಟ್ಟದಾಗಿ ಹಿಂದೆ ಮುಂದೆ ನಡುಗಿಸಿ. ಹತ್ತು ಹದಿನೈದು ಸಲವಾದ ಮೇಲೆ ಮುಂದಿನ ಹಲ್ಲುಗಳಿಗೆ ಸರಿಯಿರಿ. ಗಸಗಸನೆ ಉದ್ದಕ್ಕೂ ಎಳೆದರೆ ವಸಡು ಸವೆಯುತ್ತದೆ, ಗೆರೆಯಲ್ಲಿನ ಪಾಚಿ ಹಾಗೆಯೇ ಉಳಿಯುತ್ತದೆ.

ಹೆಚ್ಚಿನವರಿಗೆ ತಪ್ಪಿಹೋಗುವುದು ಎರಡು ಜಾಗ. ಒಂದು, ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿ. ಜೊಲ್ಲಿನ ಗ್ರಂಥಿ ಹತ್ತಿರವೇ ಇರುವುದರಿಂದ ಕಲ್ಲು ಬೇಗ ಕಟ್ಟುವುದು ಅಲ್ಲಿಯೇ. ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ಅದರ ತುದಿಯಿಂದ ಉಜ್ಜಿ. ಇನ್ನೊಂದು, ಕಡೆಯ ದವಡೆ ಹಲ್ಲಿನ ಹಿಂಬದಿ. ಬಾಯಿಯನ್ನು ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಬ್ರಷ್ ಅಲ್ಲಿಗೆ ಹೋಗುತ್ತದೆ.

ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಒಂದೇ ಸಲ ಚೆನ್ನಾಗಿ ಉಜ್ಜಲು ಸಾಧ್ಯವಾದರೆ ಅದು ಮಲಗುವ ಮುನ್ನ ಆಗಲಿ, ಏಕೆಂದರೆ ನಿದ್ರೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಬಳಸಿ, ನೊರೆಯನ್ನು ಉಗಿಯಿರಿ, ನೀರಿನಲ್ಲಿ ಮತ್ತೆ ಮತ್ತೆ ಮುಕ್ಕಳಿಸಿ ಅದನ್ನೆಲ್ಲ ತೊಳೆದು ಹಾಕಬೇಡಿ.

ಹೆಜ್ಜೆ 4: ಹಲ್ಲಿನ ಸಂದಿಗಳು

ಎಂತಹ ಬ್ರಷ್ ಆದರೂ ಎರಡು ಹಲ್ಲುಗಳ ನಡುವೆ ಇಳಿಯುವುದಿಲ್ಲ. ಸಂದಿ ಅಗಲವಿದ್ದರೆ ಪುಟ್ಟ ಬಾಟಲಿ ಬ್ರಷ್ಷಿನ ಆಕಾರದ ಸಂದಿ ಬ್ರಷ್ ಒಳ್ಳೆಯದು. ತಂತಿ ಉಜ್ಜದಂತೆ, ಎಳೆಗಳು ಎರಡೂ ಬದಿಗೆ ತಾಗುವಷ್ಟು ಗಾತ್ರದ್ದನ್ನು ದಂತವೈದ್ಯರಿಂದಲೇ ಆರಿಸಿಕೊಳ್ಳಿ. ಸಂದಿ ಬಿಗಿಯಿದ್ದರೆ ಫ್ಲಾಸ್ ದಾರ. ಅದನ್ನು ಟಕ್ಕೆಂದು ಕೆಳಗೆ ಎಳೆಯಬಾರದು. ಮೆಲ್ಲನೆ ಇಳಿಸಿ, ಒಂದು ಹಲ್ಲಿನ ಮೈಗೆ ಬಳಸಿದಂತೆ ಬಾಗಿಸಿ, ವಸಡಿನ ಅಂಚಿನ ಒಳಗೆ ತುಸು ಹೋಗುವಂತೆ ಮೇಲೆ ಕೆಳಗೆ ಆಡಿಸಿ. ಆಮೇಲೆ ಪಕ್ಕದ ಹಲ್ಲಿಗೆ ಬಾಗಿಸಿ.

ಮೊದಲ ಕೆಲವು ದಿನ ರಕ್ತ ಬರುತ್ತದೆ. ಆಗಲೇ ಬಹಳ ಜನ ಕೈಬಿಡುವುದು. ಡೆನ್ಮಾರ್ಕಿನಲ್ಲಿ ನಡೆದು 1965ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗವೊಂದು ಇಲ್ಲಿ ಧೈರ್ಯ ಕೊಡುತ್ತದೆ. ವಸಡು ಆರೋಗ್ಯವಾಗಿದ್ದ 12 ಜನ ಹಲ್ಲು ಶುಚಿ ಮಾಡುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಶುಚಿ ಮಾಡತೊಡಗಿದಾಗ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಆರಂಭದ ಹಂತದ ಊತ ಇಷ್ಟು ಬೇಗ ಮಣಿಯುತ್ತದೆ. ದಿನವೂ ಬಿಡದೆ ಮಾಡಿಯೂ ಎರಡು ವಾರದ ನಂತರ ಅದೇ ಜಾಗದಲ್ಲಿ ರಕ್ತ ಬರುತ್ತಿದ್ದರೆ, ಅಲ್ಲಿ ಕಲ್ಲು ಕೂತಿದೆ ಅಥವಾ ಆಳ ಹೆಚ್ಚಿದೆ ಎಂದರ್ಥ. ದಂತವೈದ್ಯರಿಗೆ ತೋರಿಸಿ. ಮೂಳೆ ಸವೆದ ಮೇಲೆ ಕಾಯಿಲೆಯನ್ನು ನಿಲ್ಲಿಸಬಹುದು, ಕಳೆದುಕೊಂಡದ್ದು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಮುಕ್ಕಳಿಸುವ ದ್ರಾವಣದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಅಂಟಿಕೊಂಡ ಪಾಚಿಯನ್ನು ಅದು ಕಿತ್ತು ಹಾಕುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಇರುವ ದ್ರಾವಣವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ, ಹೆಚ್ಚು ದಿನವಾದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿಯೂ ಕೆಡುತ್ತದೆ.

ಹೆಜ್ಜೆ 5: ವಸಡನ್ನೂ ಮಿದುಳನ್ನೂ ಒಟ್ಟಿಗೆ ಕಾಡುವ ವಿಷಯಗಳು

ಮಧುಮೇಹ ಮತ್ತು ತಂಬಾಕು ಇಲ್ಲಿ ಮೊದಲು ಬರುತ್ತವೆ. ಸಕ್ಕರೆ ಅಂಶ ಹತೋಟಿ ತಪ್ಪಿದರೆ ವಸಡು ಹದಗೆಡುತ್ತದೆ, ವಸಡಿನ ಉರಿಯೂತ ಸಕ್ಕರೆಯನ್ನು ಏರಿಸುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟಾಗ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಮಟ್ಟ ತೋರಿಸುವ ಪರೀಕ್ಷೆ) ಅಂಕಿ ಸರಾಸರಿ 0.4ರಷ್ಟು ಇಳಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಿಂದ ತಿಳಿದುಬಂದಿದೆ. ಆಲ್ಝೈಮರ್‌ನ ವಿಷಯದಲ್ಲಿ ಇಂತಹ ಗಟ್ಟಿ ಅಂಕಿ ನಮ್ಮ ಬಳಿ ಇಲ್ಲ, ಮಧುಮೇಹದ ವಿಷಯದಲ್ಲಿ ಇದೆ. ಮಧುಮೇಹವೋ ಮರೆವಿನ ಕಾಯಿಲೆಗೆ ದಾರಿ ಮಾಡುವ ಅಂಶಗಳಲ್ಲಿ ಒಂದೆಂದು ಒಪ್ಪಿತವಾದದ್ದು.

2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಇಂತಹ 14 ಅಂಶಗಳನ್ನು ಪಟ್ಟಿಮಾಡಿ, ಅವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಮರೆವಿನ ಕಾಯಿಲೆಯ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಕಿವುಡುತನ, ಅಧಿಕ ರಕ್ತದೊತ್ತಡ, ಕೆಟ್ಟ ಕೊಲೆಸ್ಟರಾಲ್, ಖಿನ್ನತೆ, ವ್ಯಾಯಾಮವಿಲ್ಲದಿರುವುದು, ಒಂಟಿತನ, ಚಿಕಿತ್ಸೆ ಪಡೆಯದ ದೃಷ್ಟಿದೋಷ ಅದರಲ್ಲಿವೆ. ವಸಡಿನ ಕಾಯಿಲೆ ಇಲ್ಲ. ಹಾಗಾಗಿ ಫ್ಲಾಸ್ ಮಾಡುತ್ತಿದ್ದೇನಲ್ಲ ಎಂದು ರಕ್ತದೊತ್ತಡದ ಮಾತ್ರೆಯನ್ನೋ ಶ್ರವಣ ಸಾಧನವನ್ನೋ ಬದಿಗಿಡಬೇಡಿ.

ಬಾಯಿ ಒಣಗುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಖಿನ್ನತೆ, ಅಲರ್ಜಿ, ಮೂತ್ರದ ತೊಂದರೆಗೆ ಕೊಡುವ ಹಲವು ಮಾತ್ರೆಗಳು ಜೊಲ್ಲನ್ನು ಕುಗ್ಗಿಸುತ್ತವೆ. ರಕ್ತದೊತ್ತಡಕ್ಕೆ ಕೊಡುವ ಅಮ್ಲೊಡಿಪಿನ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡನ್ನು ದಪ್ಪಗೆ ಬೆಳೆಸುತ್ತವೆ.

ಹೆಜ್ಜೆ 6: ಮನೆಯಲ್ಲಿ ಈಗಾಗಲೇ ಮರೆವಿನ ಕಾಯಿಲೆಯವರಿದ್ದರೆ

ಈ ಭಾಗವನ್ನು ಆರೈಕೆ ಮಾಡುವವರಿಗಾಗಿ ತುಸು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಬಾಯಿಯ ಆರೈಕೆ ಅತಿ ಹೆಚ್ಚು ಫಲ ಕೊಡುವುದು ಇಲ್ಲಿಯೇ. ರೋಗಾಣು ಮಿದುಳಿಗೆ ಹೋಗುತ್ತದೋ ಇಲ್ಲವೋ, ಶುಚಿಯಿಲ್ಲದ ಬಾಯಿಯ ಬ್ಯಾಕ್ಟೀರಿಯಾ ಉಸಿರಿನ ದಾರಿಗೆ ಇಳಿದು ನ್ಯುಮೋನಿಯಾ ತರಬಲ್ಲದು. ನುಂಗುವ ಶಕ್ತಿ ಕುಗ್ಗಿದವರಿಗೆ ಆ ಅಪಾಯ ಹೆಚ್ಚು.

ಕಾಯಿಲೆ ಪತ್ತೆಯಾದ ಆರಂಭದಲ್ಲೇ ದಂತವೈದ್ಯರಿಗೆ ತೋರಿಸಿ. ಕೀಳಬೇಕಾದದ್ದು, ತುಂಬಬೇಕಾದದ್ದು, ಸ್ಕೇಲಿಂಗ್, ಎಲ್ಲವನ್ನೂ ಅವರು ಕುರ್ಚಿಯಲ್ಲಿ ಕೂತು ಸಹಕರಿಸಬಲ್ಲ ದಿನಗಳಲ್ಲೇ ಮುಗಿಸಿಬಿಡುವುದು ಲೇಸು. ಎರಡು ಮೂರು ವರ್ಷದ ನಂತರ ಅದೇ ಕೆಲಸ ಅವರಿಗೂ ನಿಮಗೂ ಯಾತನೆಯಾಗುತ್ತದೆ.

ಮೊದಲ ಹಂತದಲ್ಲಿ ನೆನಪಿಸಿದರೆ ಸಾಕು. ಬ್ರಷ್ ಕಣ್ಣಿಗೆ ಬೀಳುವಲ್ಲಿರಲಿ, ಪೇಸ್ಟ್ ಹಚ್ಚಿ ಕೈಗೆ ಕೊಡಿ. ಮುಂದಿನ ಹಂತದಲ್ಲಿ ‘ಹಲ್ಲುಜ್ಜಿಕೊಳ್ಳಿ’ ಎಂಬ ಒಂದೇ ಮಾತು ಅವರಿಗೆ ತಲುಪುವುದಿಲ್ಲ, ಅದರೊಳಗೆ ಹತ್ತು ಕೆಲಸಗಳಿವೆ. ಒಂದೊಂದಾಗಿ ಹೇಳಿ: ಬ್ರಷ್ ಹಿಡಿಯಿರಿ, ಬಾಯಿ ತೆರೆಯಿರಿ, ಇಲ್ಲಿ ಉಜ್ಜಿ. ನೀವೂ ಎದುರಿಗೆ ನಿಂತು ಉಜ್ಜಿ ತೋರಿಸಿದರೆ ಎಷ್ಟೋ ಸಲ ಅವರ ಕೈ ತಾನಾಗಿಯೇ ಶುರುಮಾಡುತ್ತದೆ, ಅಷ್ಟು ವರ್ಷಗಳ ಅಭ್ಯಾಸ ಅದು. ಅವರ ಕೈಯ ಮೇಲೆ ನಿಮ್ಮ ಕೈಯಿಟ್ಟು ಜೊತೆಗೆ ಉಜ್ಜುವುದೂ ಒಂದು ದಾರಿ. ಹೊತ್ತು, ಜಾಗ, ಬ್ರಷ್ಷಿನ ಬಣ್ಣ ದಿನವೂ ಒಂದೇ ಇರಲಿ. ಕನ್ನಡಿಯಲ್ಲಿ ಕಾಣುವ ಮುಖ ಯಾರೋ ಅಪರಿಚಿತರದೆಂದು ಅವರು ಬೆದರುತ್ತಿದ್ದರೆ ಅದರ ಮೇಲೆ ಬಟ್ಟೆ ಹಾಕಿ.

ನೀವೇ ಉಜ್ಜಬೇಕಾದ ಹಂತ ಬಂದಾಗ ಅವರನ್ನು ನೆಟ್ಟಗೆ ಕೂರಿಸಿ, ತಲೆಗೆ ಆಸರೆ ಕೊಟ್ಟು, ಪಕ್ಕದಲ್ಲಿ ನಿಂತುಕೊಳ್ಳಿ. ಅಂಗಾತ ಮಲಗಿಸಿ ಬಾಯಿಗೆ ನೀರು ಹಾಕಬಾರದು. ನೊರೆ ಕಡಿಮೆ ಬರುವ ಪೇಸ್ಟ್ ಒಂದು ತೆಳು ಸವರಿನಷ್ಟು ಸಾಕು. ಉಗಿಯಲು ಬಾರದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಮುಕ್ಕಳಿಸುವ ದ್ರಾವಣ ಕೊಡಬೇಡಿ. ಅವರ ಕೈಗೂ ಒಂದು ಬ್ರಷ್ ಕೊಟ್ಟರೆ ನಿಮ್ಮ ಬ್ರಷ್ಷನ್ನು ತಳ್ಳುವುದು ಕಡಿಮೆಯಾಗುತ್ತದೆ. ಬೆರಳನ್ನು ಹಲ್ಲುಗಳ ನಡುವೆ ಇಡಬೇಡಿ. ಕಚ್ಚುವುದು ಅವರ ಕೋಪವಲ್ಲ, ದೇಹದ ಪ್ರತಿಕ್ರಿಯೆ. ಬಾಯಿ ಬಿಗಿಹಿಡಿದರೆ, ತಲೆ ತಿರುಗಿಸಿದರೆ ಅಲ್ಲಿಗೇ ಬಿಟ್ಟು ಸ್ವಲ್ಪ ಹೊತ್ತಿನ ನಂತರ ಬನ್ನಿ. ಬಲವಂತ ಮಾಡಿದ ಒಂದು ದಿನ ಮುಂದಿನ ಹತ್ತು ದಿನಗಳನ್ನು ಕೆಡಿಸುತ್ತದೆ.

ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದಿಡಿ. ನೀರು ತುಂಬಿದ ಪಾತ್ರೆಯ ಮೇಲೆ ಹಿಡಿದು ಸಾಬೂನು ಮತ್ತು ಬ್ರಷ್‌ನಿಂದ ತೊಳೆದರೆ ಕೈಜಾರಿದರೂ ಒಡೆಯುವುದಿಲ್ಲ. ಚೆನ್ನಾಗಿ ತೊಳೆದು ನೀರಿನಲ್ಲಿ ನೆನೆಸಿಡಿ. ಹಲ್ಲಿಲ್ಲದ ವಸಡನ್ನೂ ನಾಲಿಗೆಯನ್ನೂ ಮೆದು ಬ್ರಷ್ಷಿನಿಂದ ಶುಚಿ ಮಾಡಿ.

ನೋವಾಗುತ್ತಿದೆ ಎಂದು ಅವರು ಹೇಳಲಾರರು, ನಡೆಯಲ್ಲಿ ತೋರಿಸುತ್ತಾರೆ. ಊಟ ಬೇಡವೆನ್ನುವುದು, ಒಂದೇ ಬದಿಯಲ್ಲಿ ಜಗಿಯುವುದು, ಕೆನ್ನೆಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುವುದು, ಹಲ್ಲಿನ ಸೆಟ್ ಹಾಕಿಕೊಳ್ಳಲು ಒಪ್ಪದಿರುವುದು, ಇದ್ದಕ್ಕಿದ್ದಂತೆ ಸಿಡುಕುವುದು, ರಾತ್ರಿ ನಿದ್ದೆಗೆಡುವುದು ಇವೆಲ್ಲ ಬಾಯಿಯ ನೋವಿನ ಮಾತಾಗಿರಬಹುದು. ಕಾಯಿಲೆ ಹೆಚ್ಚಾಯಿತೆಂದು ತೀರ್ಮಾನಿಸುವ ಮೊದಲು ಟಾರ್ಚ್ ಹಿಡಿದು ಬಾಯೊಳಗೆ ನೋಡಿ.

ಇನ್ನು ಆ ಕೊರಗು. ಆಲ್ಝೈಮರ್‌ಗೆ ವಯಸ್ಸು, ವಂಶವಾಹಿ ಸೇರಿದಂತೆ ಹತ್ತಾರು ಕಾರಣಗಳು ಸೇರಿಕೊಂಡಿರುತ್ತವೆ. ಹಲ್ಲುಜ್ಜದ್ದರಿಂದ ನಿಮ್ಮ ತಾಯಿಗೋ ತಂದೆಗೋ ಇದು ಬಂತೆಂದು ಹೇಳಲು ಯಾವ ಆಧಾರವೂ ಇಲ್ಲ. ಆ ಭಾರವನ್ನು ದಯವಿಟ್ಟು ಇಳಿಸಿಬಿಡಿ.

ಹೆಜ್ಜೆ 7: ಇವುಗಳನ್ನು ಮಾಡಬೇಡಿ

ರೋಗಾಣುವನ್ನು ಕೊಲ್ಲುತ್ತೇನೆಂದು ನೀವಾಗಿಯೇ ಆ್ಯಂಟಿಬಯೋಟಿಕ್ ನುಂಗಬೇಡಿ. ಪಾಚಿಯ ಪದರದೊಳಗೆ ಅಡಗಿದ ಬ್ಯಾಕ್ಟೀರಿಯಾವನ್ನು ಮಾತ್ರೆಯೊಂದೇ ನಿರ್ಮೂಲ ಮಾಡಲಾರದು, ಔಷಧಕ್ಕೆ ಬಗ್ಗದ ತಳಿಗಳನ್ನು ಮಾತ್ರ ಬೆಳೆಸುತ್ತದೆ. ಜೊಲ್ಲು ಪರೀಕ್ಷಿಸಿ ಮರೆವಿನ ಅಪಾಯ ಹೇಳುತ್ತೇವೆ ಎನ್ನುವ ಕಿಟ್‌ಗಳಿಗೂ ದುಡ್ಡು ಸುರಿಯಬೇಡಿ. ರೋಗಾಣು ಇದೆಯೆಂದು ಬಂದರೂ ಇಲ್ಲವೆಂದು ಬಂದರೂ ನೀವು ಮಾಡಬೇಕಾದ ಕೆಲಸ ಮೇಲಿನ ಹೆಜ್ಜೆಗಳೇ.

ನೆನಪಿನ ಬಗ್ಗೆಯೇ ಅನುಮಾನ ಬಂದರೆ

ದಶಕಗಳ ಕಾಲ ತಪ್ಪದೆ ಹಲ್ಲುಜ್ಜುತ್ತಿದ್ದವರು ಈಚೆಗೆ ಮರೆಯುತ್ತಿದ್ದಾರೆ, ಬ್ರಷ್ ಹಿಡಿದು ಮುಂದೇನು ಎಂದು ನಿಂತುಬಿಡುತ್ತಾರೆ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ, ಗೊತ್ತಿದ್ದ ದಾರಿಯಲ್ಲಿ ತಪ್ಪುತ್ತಾರೆ ಎಂದಾದರೆ ದಂತವೈದ್ಯರಿಗಿಂತ ಮೊದಲು ವೈದ್ಯರ ಬಳಿ ಕರೆದೊಯ್ಯಿರಿ. ವಯಸ್ಸಾಯಿತು ಬಿಡಿ ಎಂದು ತಳ್ಳಿಹಾಕಬೇಡಿ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕಿವಿ ಕೇಳಿಸದಿರುವುದು, ಕೆಲವು ನಿದ್ದೆ ಮಾತ್ರೆಗಳು ಕೂಡ ಮರೆವಿನಂತೆಯೇ ಕಾಣಿಸಿಕೊಳ್ಳುತ್ತವೆ, ಇವುಗಳಿಗೆ ಚಿಕಿತ್ಸೆಯಿದೆ. ಹೋಗುವಾಗ ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ಬದಲಾವಣೆಯನ್ನು ಯಾವಾಗಿನಿಂದ ಗಮನಿಸಿದ್ದೀರಿ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ, ಹಲ್ಲುಜ್ಜುವುದನ್ನು ಬಿಟ್ಟದ್ದನ್ನೂ ಅದರಲ್ಲಿ ಸೇರಿಸಿ.